ಬೇರೆಯವರ ಹೆಸರಲ್ಲಿ ಗಲ್ಲಿಗೇರಿದವನು

ಶಿರಸಿಯಿಂದ ಮಾತಾಡ್ತಾ ಇದ್ದೇನೆ. ಇವತ್ತಿನ ಎಪಿಸೋಡ್ ತದ್ರೂಪಿಗಳ ಬಗ್ಗೆ. ಸಿನಿಮಾದಲ್ಲಿ ನೋಡಿರ್ತೀರಿ: ಹೇಗೂ ಸಾಯೋನು ಅಂತ ಗೊತ್ತಿರೋ ಒಬ್ಬ ಸಾಮಾನ್ಯ ಮನುಷ್ಯನನ್ನ ಹಿಡಿದು, ದೊಡ್ಡವರ ವೇಷ ಹಾಕಿಸಿ, ಶತ್ರುಗಳ ನಡುವೆ ಬಿಡ್ತಾರೆ. ನಿಜ ಜೀವನದಲ್ಲೂ ಹೀಗೆ ನಡೆದಿದೆಯಾ?

ಹತ್ತಿರ ಹತ್ತಿರ ನಡೆದಿದೆ. 1943ರ ಜನವರಿಯಲ್ಲಿ ಲಂಡನ್ನಿನಲ್ಲಿ ಗ್ಲಿಂಡರ್ ಮೈಕೆಲ್ ಅನ್ನೋ ಮನೆಮಠ ಇಲ್ಲದ ವೇಲ್ಸ್‌ನವನೊಬ್ಬ ಇಲಿಪಾಷಾಣ ಹೊಟ್ಟೆಗೆ ಹೋಗಿ ಸತ್ತ. ಬ್ರಿಟಿಷ್ ಗೂಢಚಾರರು ಅವನ ಶವಕ್ಕೆ ಮೇಜರ್ ವಿಲಿಯಂ ಮಾರ್ಟಿನ್ ಅಂತ ಹೆಸರಿಟ್ಟು, ಸುಳ್ಳು ಪತ್ರಗಳ ಪೆಟ್ಟಿಗೆ ಕಟ್ಟಿ, ಸ್ಪೇನ್ ಕರಾವಳಿಯಲ್ಲಿ ತೇಲಿಬಿಟ್ಟರು. ದಾಳಿ ಆಗೋದು ಸಿಸಿಲಿ ಮೇಲಲ್ಲ, ಬೇರೆ ಕಡೆ ಅಂತ ಜರ್ಮನ್ನರು ನಂಬಿದರು. 1944ರಲ್ಲಿ ಕ್ಲಿಫ್ಟನ್ ಜೇಮ್ಸ್ ಅನ್ನೋ ನಟನ ಸರದಿ. ಸೈನ್ಯದ ಸಂಬಳ ವಿಭಾಗದಲ್ಲಿದ್ದ ಅವನಿಗೆ ಜನರಲ್ ಮಾಂಟ್ಗೊಮೆರಿಯ ವೇಷ ಹಾಕಿ ಜಿಬ್ರಾಲ್ಟರ್‌ಗೂ ಅಲ್ಜಿಯರ್ಸ್‌ಗೂ ಕಳಿಸಿದರು.

ಆದರೆ ಇಷ್ಟು ದೂರ ಹೋಗಬೇಕಾ? ಇದಕ್ಕಿಂತ ನೂರು ವರ್ಷ ಮೊದಲೇ ನಮ್ಮ ಜಿಲ್ಲೆಯಲ್ಲಿ ಒಬ್ಬ ತದ್ರೂಪಿ ಇದ್ದ. "ನಮ್ಮ ಜಿಲ್ಲೆ" ಅಂತ ಬೇಕಂತಲೇ ಹೇಳಿದೆ. ಆಗ ಶಿರಸಿ, ಸಿದ್ದಾಪುರ, ಯಲ್ಲಾಪುರದ ಸೀಮೆಯಿಂದ ಹಿಡಿದು ಮಂಗಳೂರು, ಪುತ್ತೂರಿನವರೆಗೆ ಎಲ್ಲ ಒಂದೇ ಕೆನರಾ ಜಿಲ್ಲೆ. ಕಲೆಕ್ಟರ್ ಕೂರ್ತಾ ಇದ್ದದ್ದು ಮಂಗಳೂರಿನಲ್ಲಿ. ಉತ್ತರ ಕನ್ನಡ ಮುಂಬಯಿ ಪ್ರಾಂತ್ಯಕ್ಕೆ ಹೋಗಿದ್ದು 1862ರಲ್ಲಿ.

1834ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಕೊಡಗಿನ ಅರಸ ಚಿಕ್ಕವೀರರಾಜೇಂದ್ರನನ್ನ ಇಳಿಸಿತು. ಕೊಡಗಿಗೆ ಸೇರಿದ್ದ ಸುಳ್ಯ, ಪುತ್ತೂರಿನ ಸೀಮೆಯನ್ನ ಕೆನರಾ ಜಿಲ್ಲೆಗೆ ಸೇರಿಸಿತು. ಅರಸರ ಕಾಲದಲ್ಲಿ ರೈತರು ಕಂದಾಯವನ್ನ ಧಾನ್ಯದ ರೂಪದಲ್ಲಿ ಕೊಡ್ತಾ ಇದ್ದರು. ಕಂಪನಿ ಬಂದು ನಗದು ಕೇಳಿತು.

ನಾನು ಬಿ.ಕಾಂ. ಓದಿದವನು, ಈ ಲೆಕ್ಕ ನನಗೆ ಬೇಗ ಹತ್ತತ್ತೆ. ಧಾನ್ಯದಲ್ಲಿ ಕೊಡೋವಾಗ ಬೆಲೆ ಏರಲಿ ಇಳಿಯಲಿ, ಕೊಡೋದು ಅಷ್ಟೇ ಸೇರು. ನಗದು ಅಂದ ಕೂಡಲೆ ಬೆಲೆ ಕುಸಿದರೆ ಪೆಟ್ಟು ಪೂರಾ ರೈತನಿಗೆ. ಅದೇ 1830ರ ದಶಕದಲ್ಲಿ ಮದರಾಸು ಪ್ರಾಂತ್ಯದಲ್ಲಿ ಧಾನ್ಯದ ಬೆಲೆ ಬಿದ್ದುಹೋಗಿತ್ತು. ಕಂತು ಕಟ್ಟೋಕೆ ಕೊಯ್ಲಿನ ಹೊತ್ತಿಗೇ, ಬೆಲೆ ಕಮ್ಮಿ ಇದ್ದಾಗಲೇ ಮಾರಬೇಕು. ಇಲ್ಲ ಸಾಹುಕಾರನ ಮನೆ ಬಾಗಿಲು ತಟ್ಟಬೇಕು.

ಸಿಟ್ಟು ಇತ್ತು, ಮುಂದೆ ನಿಲ್ಲೋಕೆ ಅರಸ ಇರಲಿಲ್ಲ. ಆಗ ಇಬ್ಬರು ಜಂಗಮರು ಬಂದರು, ಅಪರಂಪಾರಸ್ವಾಮಿ ಮತ್ತು ಕಲ್ಯಾಣಸ್ವಾಮಿ. ತಾವು ಕೊಡಗಿನ ಹಾಲೇರಿ ರಾಜವಂಶದವರು ಅಂತ ಹೇಳಿಕೊಂಡರು. ಕಂಪನಿ ಇಬ್ಬರನ್ನೂ ಹಿಡಿದು ಒಳಗೆ ಹಾಕಿತು. ಕಥೆ ಮುಗೀಬೇಕಿತ್ತು.

ಮುಗೀಲಿಲ್ಲ. ಶನಿವಾರಸಂತೆ ಕಡೆಯ ಪುಟ್ಟಬಸಪ್ಪ ಅನ್ನೋ ರೈತನನ್ನ ಕಾಡಿನಲ್ಲಿ ಜನರ ಮುಂದೆ ನಿಲ್ಲಿಸಿ, ಇವರೇ ಕಲ್ಯಾಣಸ್ವಾಮಿ ಅಂದರು. ಅಂದರೆ ನೋಡಿ, ಅರಸುಕುಲದವನು ಅಂತ ಹೇಳಿಕೊಂಡವನು ಕಲ್ಯಾಣಸ್ವಾಮಿ. ಆ ಕಲ್ಯಾಣಸ್ವಾಮಿ ಅಂತ ಹೇಳಿಕೊಂಡವನು ಪುಟ್ಟಬಸಪ್ಪ. ವೇಷದ ಮೇಲೆ ವೇಷ.

ಜನ ಹೇಗೆ ನಂಬಿದರು? ಆಗ ಫೋಟೋ ಇಲ್ಲ. ಫೋಟೋಗ್ರಫಿ ಅನ್ನೋದನ್ನ ಜಗತ್ತಿಗೆ ಪ್ರಕಟಿಸಿದ್ದೇ 1839ರಲ್ಲಿ. ಸ್ವಾಮಿಯ ಮುಖ ಕಂಡವರು ಎಷ್ಟು ಜನ ಇದ್ದಾರು? ಕಾವಿ, ವಿಭೂತಿ, ಮಾತು, ಅದೇ ಗುರುತು. ಇನ್ನೊಂದು ಮಾತು ನನಗೆ ಅನ್ನಿಸೋದು: ಕೆಲವರಿಗಾದರೂ ಇವನು ಅವನಲ್ಲ ಅಂತ ಗೊತ್ತಿತ್ತೇನೋ. ಅವರಿಗೆ ಬೇಕಾಗಿದ್ದು ಮುಖ ಅಲ್ಲ, ಒಟ್ಟಾಗೋಕೆ ಒಂದು ಹೆಸರು. ಉಪ್ಪು, ತಂಬಾಕಿನ ಸುಂಕ ತೆಗೀತೀವಿ ಅನ್ನೋ ಭರವಸೆಯೂ ಆ ಹೆಸರಿನಲ್ಲೇ ಹೊರಟಿತು.

1837ರ ಮಾರ್ಚ್ ಕೊನೆಗೆ ಕೆದಂಬಾಡಿ ರಾಮಯ್ಯ ಗೌಡರಂಥ ಮುಖಂಡರ ಜೊತೆ ಸುಳ್ಯದಿಂದ ದಂಡು ಹೊರಟಿತು. ಬೆಳ್ಳಾರೆ, ಪುತ್ತೂರು ದಾಟಿ ಏಪ್ರಿಲ್ 5ರ ಹೊತ್ತಿಗೆ ಮಂಗಳೂರು ಮುಟ್ಟಿತು. ಹೆಚ್ಚುಕಡಿಮೆ ಎರಡು ವಾರ ಮಂಗಳೂರು ಕಂಪನಿಯ ಕೈಯಲ್ಲಿ ಇರಲಿಲ್ಲ. ಅಂದರೆ ನಮ್ಮ ಘಟ್ಟದ ಮೇಲಿನ ಊರುಗಳ ಕಂದಾಯ ಯಾವ ಕಚೇರಿಗೆ ಹೋಗ್ತಿತ್ತೋ, ಅದೇ ಊರು ರೈತರ ವಶದಲ್ಲಿತ್ತು. 1857ಕ್ಕಿಂತ ಇಪ್ಪತ್ತು ವರ್ಷ ಮೊದಲು!

ಆಮೇಲೆ ಕಣ್ಣೂರು, ತಲಶ್ಶೇರಿ ಕಡೆಯಿಂದ ಸೈನ್ಯ ಬಂತು, ದಂಡು ಚದುರಿತು. ಪುಟ್ಟಬಸಪ್ಪ ಸಿಕ್ಕಿಬಿದ್ದ. ಅವನನ್ನೂ ಲಕ್ಷ್ಮಪ್ಪ ಬಂಗರಸರನ್ನೂ ಗಲ್ಲಿಗೇರಿಸಿದರು. ಗುಡ್ಡೆಮನೆ ಅಪ್ಪಯ್ಯ ಗೌಡರನ್ನ ಅದೇ ವರ್ಷ ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯಲ್ಲಿ ನೇಣಿಗೇರಿಸಿದರು.

ಈಗ ಶುರುವಿನ ಪ್ರಶ್ನೆಗೆ ಬರೋಣ. ಗ್ಲಿಂಡರ್ ಮೈಕೆಲ್‌ನನ್ನ ಯಾರೂ ಒಪ್ಪಿಗೆ ಕೇಳಲಿಲ್ಲ, ಅವನು ಸತ್ತಿದ್ದ. ಜೇಮ್ಸ್‌ಗೆ ಅದು ಡ್ಯೂಟಿ, ಮುಗಿಸಿ ತನ್ನ ಮೇಜಿಗೆ ವಾಪಸಾದ. ಪುಟ್ಟಬಸಪ್ಪನಿಗೆ ಯಾವ ಕಾಯಿಲೆಯೂ ಇತ್ತು ಅಂತಲ್ಲ. ಆದರೆ ಕಂಪನಿ ಹುಡುಕಿ ಹಿಡಿಯೋ ಹೆಸರನ್ನ ಮೈಮೇಲೆ ಹಾಕಿಕೊಂಡ ದಿನವೇ ಅವನ ಆಯಸ್ಸಿಗೆ ಗಡುವು ಬಿತ್ತು. ಹೆಸರಿನ ಜೊತೆ ಹಗ್ಗವೂ ಬರತ್ತೆ ಅಂತ ಅವನಿಗೆ ತಿಳೀದೇ ಇರೋಕೆ ಸಾಧ್ಯ ಇಲ್ಲ.

ಸ್ಪೇನಿನ ಉವೆಲ್ವಾದಲ್ಲಿ ಮೇಜರ್ ಮಾರ್ಟಿನ್ ಸಮಾಧಿ ಇದೆ. ಅದರ ಕಲ್ಲಿನ ಮೇಲೆ ಗ್ಲಿಂಡರ್ ಮೈಕೆಲ್ ಅನ್ನೋ ನಿಜವಾದ ಹೆಸರು ಕೆತ್ತಿದ್ದು ಐವತ್ತು ವರ್ಷ ಕಳೆದ ಮೇಲೆ, 1990ರ ದಶಕದಲ್ಲಿ. ಮಂಗಳೂರಿನ ಬಾವುಟಗುಡ್ಡದಲ್ಲಿ ರಾಮಯ್ಯ ಗೌಡರ ಪ್ರತಿಮೆ 2022ರಲ್ಲಿ ನಿಂತಿತು. ಆದರೆ ಈ ಬಂಡಾಯವನ್ನ ಜನ ತಲೆಮಾರುಗಳಿಂದ ಕರೆದದ್ದು "ಕಲ್ಯಾಣಪ್ಪನ ಕಾಟಕಾಯಿ" ಅಂತ. ದಂಡು ಹೊರಟಾಗ ಕಲ್ಯಾಣಸ್ವಾಮಿ ಬಂಧನದಲ್ಲಿದ್ದ. ಜೊತೆಗಿದ್ದವನು ಪುಟ್ಟಬಸಪ್ಪ. ವೇಷ ಎಷ್ಟು ಚೆನ್ನಾಗಿ ಕೂತಿತ್ತು ಅಂದರೆ, ಸತ್ತ ಮೇಲೂ ಕಳಚಲಿಲ್ಲ.

ಅದಕ್ಕೇ ಇವತ್ತು ಒಂದು ಸಣ್ಣ ಕೆಲಸ. ಎಲ್ಲಾದರೂ ಕಲ್ಯಾಣಪ್ಪನ ಮಾತು ಬಂದರೆ, ಪಕ್ಕದಲ್ಲಿ ಪುಟ್ಟಬಸಪ್ಪ ಅಂತ ಒಂದು ಸಲ ಹೇಳಿ. ಅಷ್ಟೇ. ಮುಂದಿನ ವಾರ ಸಿಗೋಣ.