ಒಂದು ಧ್ವನಿಮುದ್ರಿಕೆಯ ಅಜ್ಞಾತವಾಸ

ಹಳಗನ್ನಡ ಕಾವ್ಯಗಳ ಕರ್ತೃ, ಕಾಲ, ಪಾಠಗಳ ಜಿಜ್ಞಾಸೆಯಲ್ಲಿಯೇ ಅಧ್ಯಾಪನದ ಆಯುಷ್ಯವನ್ನು ಕಳೆದ ಕನ್ನಡದ ಮೇಷ್ಟರೊಬ್ಬರು ಅಮೆರಿಕದ ರಾಕ್ ಸಂಗೀತದ ವಿಷಯವಾಗಿ ಮಾತನಾಡಲು ಹೊರಟರೆ ಕೇಳುಗರಿಗೆ ಅಚ್ಚರಿಯಾಗುವುದು ಸಹಜ. ನನಗೂ ಆ ಸಂಕೋಚವುಂಟು. ಆದರೆ ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದವನು ಒಂದು ಎಲ್‌ಪಿ ತಟ್ಟೆಯನ್ನು ನನ್ನ ಮೇಜಿನ ಮೇಲಿಟ್ಟು, ‘ಸಾರ್, ಹಾಡು ಆಮೇಲೆ ಕೇಳಿ, ಮೊದಲು ಇದರ ಕಥೆ ಕೇಳಿ. ನೀವು ತರಗತಿಯಲ್ಲಿ ಹೇಳುತ್ತಿದ್ದ ಹಸ್ತಪ್ರತಿಗಳ ಕಥೆಯಂತೆಯೇ ಇದೆ’ ಎಂದ. ತಟ್ಟೆಯ ಹೊದಿಕೆಯ ಮೇಲೆ, ಗಾಜಿನ ಗೋಳದೊಳಗೆ ಇದ್ದಾನೋ ಎಂಬಂತೆ, ಟೋಪಿ ಧರಿಸಿ ಕಪ್ಪು ಕನ್ನಡಕ ಹಾಕಿಕೊಂಡು ಚಕ್ಕಳಮಕ್ಕಳ ಹಾಕಿ ಕುಳಿತ ಒಬ್ಬ ಮನುಷ್ಯ. ಹೆಸರು ರಾಡ್ರಿಗಸ್. ಆಲ್ಬಂನ ಹೆಸರು ‘ಕೋಲ್ಡ್ ಫ್ಯಾಕ್ಟ್’. ನಿಷ್ಠುರ ಸತ್ಯ ಎಂದು ನಾವು ಹೇಳಿಕೊಳ್ಳಬಹುದು. ಸತ್ಯದ ಹೆಸರನ್ನು ಹೊತ್ತ ಆ ತಟ್ಟೆಯ ಸುತ್ತ ಬೆಳೆದಷ್ಟು ಸುಳ್ಳು ಇನ್ನಾವ ತಟ್ಟೆಯ ಸುತ್ತಲೂ ಬೆಳೆದಿರಲಾರದು.

ಸಿಕ್ಸ್ಟೋ ರಾಡ್ರಿಗಸ್ 1942ರಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ಹುಟ್ಟಿದ. ಮೆಕ್ಸಿಕೋದಿಂದ ದುಡಿಮೆ ಅರಸಿ ಬಂದ ಕುಟುಂಬ; ಆರನೆಯ ಮಗುವಾದ್ದರಿಂದ ಆ ಹೆಸರು. ಡೆಟ್ರಾಯಿಟ್ ಎಂದರೆ ಆ ಕಾಲಕ್ಕೆ ಮೋಟಾರು ಕಾರುಗಳ ರಾಜಧಾನಿ. ಹೊಳೆಯುವ ಕಾರುಗಳನ್ನು ಲೋಕಕ್ಕೆ ಕೊಟ್ಟ ಆ ಊರು ತನ್ನ ಬಡಗೇರಿಗಳಲ್ಲಿ ಒಳಗೊಳಗೇ ಕುದಿಯುತ್ತಿತ್ತು. 1967ರ ಬೇಸಗೆಯಲ್ಲಿ ಆ ಕುದಿ ಹೊರಚೆಲ್ಲಿ, ದಂಗೆಯಲ್ಲಿ ನಲವತ್ತಕ್ಕೂ ಹೆಚ್ಚು ಜನ ಸತ್ತರು. ಅದೇ ವರ್ಷ ರಾಡ್ರಿಗಸ್‌ನ ಮೊದಲ ಪುಟ್ಟ ತಟ್ಟೆ ಹೊರಬಂದಿತ್ತು. ಅದನ್ನು ಕೇಳಿದವರು ಕಡಿಮೆ. ಮಬ್ಬುಗತ್ತಲಿನ ಪಾನಗೃಹಗಳಲ್ಲಿ, ಜನರಿಗೆ ಬೆನ್ನು ತಿರುಗಿಸಿ ನಿಂತು ಹಾಡುವುದು ಅವನ ವಾಡಿಕೆಯಾಗಿತ್ತಂತೆ. ಮೈಕ್ ಥಿಯೋಡೋರ್ ಮತ್ತು ಡೆನಿಸ್ ಕಾಫಿ ಎಂಬಿಬ್ಬರು ಸಂಗೀತಗಾರರು ಆ ಕಂಠವನ್ನು ಗುರುತಿಸಿ ಹನ್ನೆರಡು ಹಾಡುಗಳನ್ನು ಮುದ್ರಿಸಿದರು. 1970ರಲ್ಲಿ ಸಸೆಕ್ಸ್ ಎಂಬ ಕಂಪನಿ ‘ಕೋಲ್ಡ್ ಫ್ಯಾಕ್ಟ್’ ಅನ್ನು ಹೊರತಂದಿತು. ಬೀದಿಯ ಬಡತನ, ನಿರುದ್ಯೋಗ, ಅಮಲಿನ ವ್ಯಾಪಾರ, ಅಧಿಕಾರಸ್ಥರ ಕಪಟ ಅದರ ವಸ್ತು. ದನಿಯಲ್ಲಿ ಆರ್ಭಟವಿಲ್ಲ. ಪಕ್ಕದಲ್ಲಿ ಕುಳಿತ ಗೆಳೆಯ ತಗ್ಗಿದ ದನಿಯಲ್ಲಿ ಒಂದು ಕೆಟ್ಟ ಸುದ್ದಿಯನ್ನು ಹೇಳಿದಂತಿದೆ.

ಅಮೆರಿಕದಲ್ಲಿ ಅದು ಮಾರಾಟವಾಗಲಿಲ್ಲ. ಲಂಡನ್ನಿನಲ್ಲಿ ಮುದ್ರಿಸಿದ ಎರಡನೆಯ ಆಲ್ಬಂ ‘ಕಮಿಂಗ್ ಫ್ರಮ್ ರಿಯಾಲಿಟಿ’ 1971ರಲ್ಲಿ ಬಂದು, ಅದೂ ಬಿದ್ದುಹೋಯಿತು. ಕಂಪನಿ ಅವನನ್ನು ಕೈಬಿಟ್ಟಿತು. 1975ರಲ್ಲಿ ಕಂಪನಿಯೇ ಬಾಗಿಲು ಮುಚ್ಚಿತು. ರಾಡ್ರಿಗಸ್ ಹಳೆಯ ಕಟ್ಟಡಗಳನ್ನು ಕೆಡವುವ, ಮನೆಗಳನ್ನು ದುರಸ್ತಿ ಮಾಡುವ ಕೂಲಿಗೆ ಇಳಿದ. ಜೊತೆಗೆ ವೇಯ್ನ್ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ತತ್ತ್ವಶಾಸ್ತ್ರ ಓದಿ ಪದವಿ ಪಡೆದ. ನಗರದ ಚುನಾವಣೆಗಳಿಗೆ ನಿಂತು ಸೋತ. ಹಿತ್ತಲ ಗಿಡ ಮದ್ದಲ್ಲವೆಂಬ ನಮ್ಮ ಗಾದೆಗೆ ಡೆಟ್ರಾಯಿಟ್ ಒಂದು ಸಾಕ್ಷಿಯಾಗಿ ನಿಂತಿತು. ಮುರಿದ ಗೋಡೆಯ ಇಟ್ಟಿಗೆ ಹೊರುತ್ತಿದ್ದವನು ಹಾಡುಗಾರನೆಂಬುದನ್ನು ಊರು ಮರೆಯಿತು ಎನ್ನುವುದಕ್ಕಿಂತ, ಎಂದೂ ತಿಳಿದಿರಲಿಲ್ಲ ಎನ್ನುವುದೇ ಸರಿ.

ಕಥೆ ಇಲ್ಲಿಗೇ ಮುಗಿಯಬೇಕಾಗಿತ್ತು. ಮುಗಿಯದೆ ಇದ್ದುದು ಸಾಗರದಾಚೆಯ ದಕ್ಷಿಣ ಆಫ್ರಿಕದಿಂದ. ಮೊದಲ ಪ್ರತಿ ಅಲ್ಲಿಗೆ ಹೇಗೆ ಬಂತೆಂಬುದಕ್ಕೆ ಹಲವು ಕಥೆಗಳಿವೆ; ಅಮೆರಿಕದ ತರುಣಿಯೊಬ್ಬಳು ತನ್ನ ಗೆಳೆಯನಿಗೆ ಉಡುಗೊರೆಯಾಗಿ ತಂದಳೆಂಬುದು ಎಲ್ಲಕ್ಕಿಂತ ಜನಪ್ರಿಯವಾದದ್ದು. ಅದನ್ನು ಐತಿಹ್ಯದ ಸಾಲಿಗೇ ಬಿಡೋಣ. ಹಾಡು ಬೇರು ಬಿಟ್ಟ ನೆಲದ ಸ್ಥಿತಿ ಮಾತ್ರ ಐತಿಹ್ಯವಲ್ಲ. 1948ರಿಂದ ವರ್ಣಭೇದವೇ ಅಲ್ಲಿನ ರಾಜನೀತಿ. ದೂರದರ್ಶನ ಜನರ ಮನಸ್ಸು ಕೆಡಿಸುತ್ತದೆಂದು ಅಂಜಿದ ಸರಕಾರ 1976ರವರೆಗೆ ಅದನ್ನು ದೇಶದೊಳಗೆ ಬಿಡಲಿಲ್ಲ. ಪುಸ್ತಕ, ಚಲನಚಿತ್ರ, ಹಾಡು ಎಲ್ಲಕ್ಕೂ ಪರೀಕ್ಷಕರ ಕಾವಲು. ಬಿಳಿಯ ತರುಣರು ಕಡ್ಡಾಯವಾಗಿ ಸೇನೆಗೆ ಸೇರಬೇಕಾಗಿತ್ತು. ಅಂಥ ತರುಣರ ಶಿಬಿರಗಳಲ್ಲಿ, ವಿದ್ಯಾರ್ಥಿಗಳ ಕೋಣೆಗಳಲ್ಲಿ ‘ಕೋಲ್ಡ್ ಫ್ಯಾಕ್ಟ್’ ಓಡಾಡಿತು. ತಟ್ಟೆ ಕೊಂಡವನು ಒಬ್ಬ. ಅದನ್ನು ಕ್ಯಾಸೆಟ್ಟಿಗೆ ಇಳಿಸಿಕೊಂಡವರು ಹತ್ತು ಜನ. ಆ ಕ್ಯಾಸೆಟ್ಟಿನ ಪ್ರತಿಯ ಪ್ರತಿ ಮಾಡಿಕೊಂಡವರು ಎಷ್ಟೋ. ಪ್ರತಿಯಿಂದ ಪ್ರತಿಗೆ ದನಿ ಮಸುಕಾಗುತ್ತ, ಸರಸರ ಸದ್ದು ಹೆಚ್ಚುತ್ತ ಹೋಗುತ್ತದೆ. ಓಲೆಗರಿಯ ಲಿಪಿಕಾರರ ಸ್ಖಾಲಿತ್ಯಗಳ ನಡುವೆ ಬಾಳಿದವನಿಗೆ ಇದೇನೂ ಹೊಸದಲ್ಲ. ಎರಡನೆಯ ಆಲ್ಬಂ ಆ ದೇಶದಲ್ಲಿ 1976ರಲ್ಲಿ ‘ಆಫ್ಟರ್ ದ ಫ್ಯಾಕ್ಟ್’ ಎಂಬ ಬೇರೆ ಹೆಸರಿನಿಂದ ಪ್ರಕಟವಾಯಿತು. ಒಂದೇ ಕೃತಿಗೆ ಎರಡು ಹೆಸರು. ಪಾಠಾಂತರವೆಂದರೆ ಇದೇ ಅಲ್ಲವೇ?

ಬಾನುಲಿಯ ಮುಂದೆ ಕುಳಿತು ಹೇಳಲು ಸಂಕಟವಾಗುವ ಒಂದು ಸಂಗತಿಯಿದೆ. ಆ ದೇಶದ ಪ್ರಸಾರ ಸಂಸ್ಥೆಯ ಧ್ವನಿಭಂಡಾರದಲ್ಲಿಯೂ ಈ ತಟ್ಟೆಯ ಒಂದು ಪ್ರತಿಯಿತ್ತು. ಅದರ ಮೊದಲ ಹಾಡು ‘ಶುಗರ್ ಮ್ಯಾನ್’ ಅಮಲುಪದಾರ್ಥ ಮಾರುವವನನ್ನು ಕುರಿತದ್ದು. ಅದು ಪ್ರಸಾರವಾಗಬಾರದೆಂದು ಆದೇಶ ಬರೆದಿಟ್ಟರೆ ಸಾಲದೆಂದು ತೋರಿತೋ ಏನೋ, ಚೂಪಾದ ಆಯುಧದಿಂದ ಆ ಹಾಡಿನ ಗೆರೆಗಳ ಮೇಲೆ ಆಳವಾಗಿ ಗೀಚಿಟ್ಟರು. ಯಾರಾದರೂ ಮರೆತು ಮುಳ್ಳನ್ನಿಟ್ಟರೂ ಅದು ಜಾರಿಹೋಗಬೇಕು. ಗ್ರಂಥಭಂಡಾರದ ಕಾವಲುಗಾರನೇ ಗರಿಯ ಮೇಲಿನ ಅಕ್ಷರಗಳನ್ನು ಹೆರೆದು ಹಾಕಿದಂತೆ. ಹೊರಗೆ, ಸೈನಿಕನ ಚೀಲದೊಳಗಿನ ಕ್ಯಾಸೆಟ್ಟಿನಲ್ಲಿ ಅದೇ ಹಾಡು ಸುರಕ್ಷಿತವಾಗಿತ್ತು.

ಹಂಚಿಕೊಂಡವರ ಪ್ರೀತಿ ದೊಡ್ಡದು, ಸಂಶಯವಿಲ್ಲ. ಆದರೆ ಆ ಪ್ರೀತಿ ಇನ್ನೊಂದು ಕೆಲಸವನ್ನೂ ಮಾಡಿತು. ಹೊದಿಕೆಯ ಮೇಲೆ ಹಾಡುಗಾರನ ಊರಿನ ವಿವರವಿಲ್ಲ, ಪತ್ರಿಕೆಗಳಲ್ಲಿ ಸಂದರ್ಶನವಿಲ್ಲ. ಬರಿದಾದ ಜಾಗವನ್ನು ಕಥೆ ತುಂಬಿತು. ವೇದಿಕೆಯ ಮೇಲೆಯೇ ಮೈಗೆ ಬೆಂಕಿ ಹಚ್ಚಿಕೊಂಡು ಸತ್ತ ಎಂದರು ಕೆಲವರು. ಗುಂಡು ಹಾರಿಸಿಕೊಂಡ ಎಂದರು ಇನ್ನು ಕೆಲವರು. ಅಮಲಿನಿಂದ ಸತ್ತನೆಂದು ಮತ್ತೊಂದು ಮಾತು. ನಮ್ಮ ಕುಮಾರವ್ಯಾಸ ಗದುಗಿನ ಗುಡಿಯಲ್ಲಿ ಉಟ್ಟ ಒದ್ದೆ ಬಟ್ಟೆ ಆರುವವರೆಗೆ ಮಾತ್ರ ಕಾವ್ಯ ಹೇಳುತ್ತಿದ್ದನೆಂಬ ಕಥೆಯಿಲ್ಲವೆ? ಕವಿಯ ಬದುಕು ತಿಳಿಯದಿದ್ದಾಗ ಲೋಕ ಹೀಗೆ ತನಗೆ ಬೇಕಾದ ಬದುಕನ್ನು ಕಲ್ಪಿಸಿಕೊಡುತ್ತದೆ. ಕುಮಾರವ್ಯಾಸನಿಗೆ ಅದರಿಂದ ಹಾನಿಯಿಲ್ಲ, ಅವನು ಕಾಲವಶನಾಗಿ ಶತಮಾನಗಳಾದವು. ರಾಡ್ರಿಗಸ್ ಬದುಕಿದ್ದ. ಇಲ್ಲಿ ಅವನ ಮರಣದ ಕಥೆಗೆ ಬಣ್ಣ ಕಟ್ಟುತ್ತಿದ್ದ ದಿನಗಳಲ್ಲಿ ಅಲ್ಲಿ ಅವನು ಹೆಣ್ಣುಮಕ್ಕಳನ್ನು ಸಾಕಲು ಗಾರೆ ಕೆಲಸಕ್ಕೆ ಹೋಗುತ್ತಿದ್ದ. ಹಾಡನ್ನು ಉಳಿಸಿದ ಕೈಗಳೇ ಹಾಡುಗಾರನನ್ನು ಹೂತಿದ್ದವು.

ಹೂತದ್ದನ್ನು ಅಗೆದವರೂ ಅದೇ ಕೇಳುಗರಲ್ಲಿ ಇಬ್ಬರು. ಸ್ಟೀಫನ್ ಸೆಗರ್‌ಮನ್ ಎಂಬಾತ ಎರಡನೆಯ ಆಲ್ಬಂ 1996ರಲ್ಲಿ ಸಿಡಿ ರೂಪದಲ್ಲಿ ಮರುಪ್ರಕಟವಾದಾಗ ಅದಕ್ಕೊಂದು ಟಿಪ್ಪಣಿ ಬರೆದು, ಈ ಹಾಡುಗಾರ ಏನಾದನೆಂಬುದನ್ನು ಯಾರಾದರೂ ಪತ್ತೆ ಮಾಡಬಾರದೆ ಎಂಬ ಪ್ರಶ್ನೆಯನ್ನು ಇಟ್ಟ. ಕ್ರೇಗ್ ಬಾರ್ತಲೋಮ್ಯೂ ಸ್ಟ್ರೈಡಮ್ ಎಂಬ ಪತ್ರಕರ್ತ ಅದನ್ನು ಸವಾಲಾಗಿ ಎತ್ತಿಕೊಂಡ. ಬಾಹ್ಯ ಪ್ರಮಾಣ ಒಂದೂ ಸಿಗಲಿಲ್ಲ. ಕೊನೆಗೆ ಅಂತರಂಗ ಪ್ರಮಾಣಕ್ಕೆ ಇಳಿದ: ಹಾಡುಗಳಲ್ಲಿ ಬರುವ ಊರುಗಳ ಹೆಸರನ್ನು ಹುಡುಕತೊಡಗಿದ. ಒಂದು ಹಾಡಿನಲ್ಲಿ ಡಿಯರ್‌ಬಾರ್ನ್ ಎಂಬ ಹೆಸರಿದೆ; ಭೂಪಟದಲ್ಲಿ ನೋಡಿದರೆ ಅದು ಡೆಟ್ರಾಯಿಟ್‌ಗೆ ಅಂಟಿಕೊಂಡ ಊರು. ಆ ಎಳೆಯನ್ನು ಹಿಡಿದು ಹೋಗಿ 1997ರಲ್ಲಿ ನಿರ್ಮಾಪಕ ಥಿಯೋಡೋರ್‌ನನ್ನು ಸಂಪರ್ಕಿಸಿ, ರಾಡ್ರಿಗಸ್ ಹೇಗೆ ಸತ್ತನೆಂದು ಕೇಳಿದ. ಸತ್ತಿಲ್ಲ, ಬದುಕಿದ್ದಾನೆ ಎಂದು ಉತ್ತರ ಬಂತು. ನಮ್ಮಲ್ಲಿ ಒಬ್ಬ ಕವಿಯ ಊರನ್ನು ಅವನ ಪದ್ಯದೊಳಗಿನ ಒಂದು ಸ್ಥಳನಾಮದಿಂದ ನಿರ್ಣಯಿಸಿದ ವಿದ್ವಾಂಸರಿದ್ದಾರೆ. ಆದರೆ ಆ ಕವಿಯೇ ದೂರವಾಣಿಯ ಆ ತುದಿಯಲ್ಲಿ ಮಾತನಾಡಿದ ಭಾಗ್ಯ ಅವರಾರಿಗೂ ಒದಗಲಿಲ್ಲ.

1998ರ ಮಾರ್ಚಿಯಲ್ಲಿ ರಾಡ್ರಿಗಸ್ ದಕ್ಷಿಣ ಆಫ್ರಿಕಕ್ಕೆ ಹೋದ. ವಯಸ್ಸು ಐವತ್ತೈದು. ಕೇಪ್ ಟೌನಿನ ಸಭಾಂಗಣದಲ್ಲಿ ಸಾವಿರಾರು ಜನ. ಅನೇಕರು ಬಂದದ್ದು ಯಾರೋ ಒಬ್ಬ ಸೋಗಿನವನನ್ನು ಕಾಣಬೇಕಾಗಬಹುದೆಂಬ ಅನುಮಾನದಿಂದಲೇ. ಅವನ ಹಿಂದೆ ವಾದ್ಯ ನುಡಿಸಿದ ತರುಣರು ಅವನ ಹಾಡುಗಳನ್ನು ಕೇಳಿ ಬೆಳೆದವರು. ಅವರಿಗೆ ಪ್ರತಿಯೊಂದು ಸ್ವರವೂ ಬಾಯಿಪಾಠ. ಅವನು ಬಾಯಿ ತೆರೆಯುವ ಮುನ್ನವೇ ಜನ ಎದ್ದು ನಿಂತರು.

ಈ ಕಥೆಯನ್ನು ಸ್ವೀಡನ್ನಿನ ಮಾಲಿಕ್ ಬೆಂಜೆಲೂಲ್ 2012ರಲ್ಲಿ ‘ಸರ್ಚಿಂಗ್ ಫಾರ್ ಶುಗರ್ ಮ್ಯಾನ್’ ಎಂಬ ಸಾಕ್ಷ್ಯಚಿತ್ರವಾಗಿ ಮಾಡಿದ. 2013ರಲ್ಲಿ ಅದಕ್ಕೆ ಆಸ್ಕರ್ ಪ್ರಶಸ್ತಿ ಬಂತು. ನಾನೂ ನೋಡಿದೆ, ಕಣ್ಣು ಒದ್ದೆಯಾಯಿತು. ಆದರೆ ಒದ್ದೆಗಣ್ಣಿಗೆ ಇತಿಹಾಸ ಸರಿಯಾಗಿ ಕಾಣುವುದಿಲ್ಲ. ಚಿತ್ರ ಹೇಳದೆ ಬಿಟ್ಟ ಒಂದು ಮಾತೆಂದರೆ ಆಸ್ಟ್ರೇಲಿಯ. ಆ ದೇಶದಲ್ಲಿ ಅವನ ತಟ್ಟೆಗಳು ಎಪ್ಪತ್ತರ ದಶಕದಲ್ಲಿಯೇ ಹೆಸರಾಗಿ, ಅವನು 1979ರಲ್ಲಿ ಮತ್ತು 1981ರಲ್ಲಿ ಸ್ವತಃ ಹೋಗಿ ಹಾಡಿ ಬಂದಿದ್ದ. ಆ ಕಛೇರಿಗಳ ಒಂದು ಮುದ್ರಿಕೆಯೂ ಪ್ರಕಟವಾಗಿತ್ತು, ಅದರ ಹೆಸರು ‘ಅಲೈವ್’, ಅಂದರೆ ಬದುಕಿದ್ದಾನೆ ಎಂದೇ! ದಕ್ಷಿಣ ಆಫ್ರಿಕ ಜಗತ್ತಿನಿಂದ ಎಷ್ಟು ಬೇರ್ಪಟ್ಟಿತ್ತೆಂದರೆ ಆ ಸುದ್ದಿಯೂ ಅಲ್ಲಿಗೆ ಮುಟ್ಟಲಿಲ್ಲ. ಚಿತ್ರಕ್ಕೆ ಪವಾಡ ಬೇಕಾಗಿತ್ತು, ಆದ್ದರಿಂದ ಆಸ್ಟ್ರೇಲಿಯವನ್ನು ಕೈಬಿಟ್ಟರು. ಅಷ್ಟು ಒಳ್ಳೆಯ ಕಥೆಗೆ ಆ ಕತ್ತರಿ ಬೇಕಿರಲಿಲ್ಲವೆಂದು ನನ್ನ ಅಭಿಪ್ರಾಯ.

ಇನ್ನೊಂದು ಮಾತನ್ನೂ ಹೇಳಬೇಕು. ಈ ಹಾಡುಗಳು ವರ್ಣಭೇದದ ವಿರುದ್ಧ ದೇಶವನ್ನೇ ಎಬ್ಬಿಸಿದವೆಂಬ ಭಾವನೆ ಚಿತ್ರ ನೋಡಿದವರಿಗೆ ಬರುತ್ತದೆ. ಅವು ಎಬ್ಬಿಸಿದ್ದು ಮುಖ್ಯವಾಗಿ ಬಿಳಿಯ ತರುಣರ ಒಂದು ವರ್ಗವನ್ನು. ಅಪ್ಪಂದಿರ ಮಾತನ್ನು ಪ್ರಶ್ನಿಸಬಹುದೆಂದು ಅವರಿಗೆ ಈ ಹಾಡುಗಳು ಕಲಿಸಿಕೊಟ್ಟವು; ಅದು ಸಣ್ಣ ಸಂಗತಿಯಲ್ಲ. ಆದರೆ ಕಪ್ಪು ಜನರ ಹೋರಾಟಕ್ಕೆ ತನ್ನವೇ ಆದ ಹಾಡುಗಳಿದ್ದವು, ತನ್ನವರೇ ಆದ ಹಾಡುಗಾರರಿದ್ದರು. ಮಿರಿಯಂ ಮಕೇಬಾ 1960ರಲ್ಲಿ ತಾಯಿಯ ಅಂತ್ಯಕ್ರಿಯೆಗೆ ಮರಳಲು ಹೊರಟಾಗ ಆಕೆಯ ಪಾಸ್‌ಪೋರ್ಟನ್ನೇ ರದ್ದು ಮಾಡಿದರು. ಮೂವತ್ತು ವರ್ಷ ಆಕೆ ತಾಯ್ನೆಲ ಕಾಣಲಿಲ್ಲ. ಆ ವನವಾಸದ ಎದುರಿನಲ್ಲಿ ಈ ಅಜ್ಞಾತವಾಸದ ಅಳತೆ ತಿಳಿಯುತ್ತದೆ.

ಹಣದ ವಿಷಯ ಹೆಚ್ಚು ಕಹಿಯಾದದ್ದು. ಕ್ಯಾಸೆಟ್ಟಿಗೆ ಇಳಿಸಿಕೊಂಡವರು ಹಾಡುಗಾರನ ಅನ್ನ ಕಸಿದರೆಂದು ಕಂಪನಿಗಳು ಆಗ ದೂರುತ್ತಿದ್ದುದು ನಮಗೆ ನೆನಪಿದೆ. ಆದರೆ ಅಂಗಡಿಯಲ್ಲಿ ದುಡ್ಡು ಕೊಟ್ಟು ತಟ್ಟೆ ಕೊಂಡ ಪ್ರಾಮಾಣಿಕನ ಹಣವೂ ವರ್ಷಾನುಗಟ್ಟಲೆ ಆ ಗಾರೆಯವನ ಕೈ ಸೇರಲಿಲ್ಲ. ಅದು ಎಲ್ಲಿ ನಿಂತಿತೆಂಬುದು ವಾದಗ್ರಸ್ತ. ‘ಕೋಲ್ಡ್ ಫ್ಯಾಕ್ಟ್’ನಲ್ಲಿ ಹಾಡುಗಳ ಕರ್ತೃವಿನ ಹೆಸರೂ ನೇರವಾಗಿಲ್ಲ: ಕೆಲವಕ್ಕೆ ಜೀಸಸ್ ರಾಡ್ರಿಗಸ್, ಕೆಲವಕ್ಕೆ ಸಿಕ್ಸ್ತ್ ಪ್ರಿನ್ಸ್. ಅಂಕಿತಗಳನ್ನು ಹಿಡಿದು ವಚನಕಾರರನ್ನು ಗುರುತಿಸುವ ನಮಗೆ ಇಂಥ ತೊಡಕು ಪರಿಚಿತ. ಇಲ್ಲಿ ಅಂಕಿತ ಬದಲಾದದ್ದು ಭಕ್ತಿಯಿಂದಲ್ಲ. ಮೊದಲೇ ಮಾಡಿಕೊಂಡಿದ್ದ ಒಂದು ಒಪ್ಪಂದವನ್ನು ತಪ್ಪಿಸಲೆಂದೇ ಹೀಗೆ ಮಾಡಿದರೆಂದು ಹಳೆಯ ಪ್ರಕಾಶನ ಸಂಸ್ಥೆ 2014ರಲ್ಲಿ ನ್ಯಾಯಾಲಯದ ಮೆಟ್ಟಿಲು ಹತ್ತಿತು.

2008ರಲ್ಲಿ ಅಮೆರಿಕದಲ್ಲಿಯೇ ‘ಕೋಲ್ಡ್ ಫ್ಯಾಕ್ಟ್’ ಮತ್ತೆ ಅಚ್ಚಾಯಿತು. ನನ್ನ ಶಿಷ್ಯ ತಂದದ್ದು ಆ ಮರುಮುದ್ರಣವನ್ನು. ಕೊನೆಗಾಲದಲ್ಲಿ ಬಂದ ಹಣದ ಬಹುಭಾಗವನ್ನು ರಾಡ್ರಿಗಸ್ ಮಕ್ಕಳಿಗೂ ಸ್ನೇಹಿತರಿಗೂ ಕೊಟ್ಟು, ಡೆಟ್ರಾಯಿಟ್ಟಿನ ತನ್ನ ಹಳೆಯ ಮನೆಯಲ್ಲಿಯೇ ಉಳಿದ. 2023ರ ಆಗಸ್ಟ್ 8ರಂದು, ಎಂಬತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡ. ಆ ಬೆಳಿಗ್ಗೆ ಶಿಷ್ಯ ದೂರವಾಣಿಯಲ್ಲಿ ಸುದ್ದಿ ಹೇಳಿದಾಗ ನನ್ನ ಬಾಯಿಂದ ಬಂದ ಮೊದಲ ಮಾತು, ‘ಈ ಸಲ ನಿಜವೇನಯ್ಯಾ?’