ಎದೆಯೆತ್ತರಕ್ಕಿಂತ ಮೇಲೆ

ದಾದರ್ ಪೂರ್ವದಲ್ಲಿ ನಮ್ಮ ಮನೆ ಮೂರನೇ ಮಹಡಿಯಲ್ಲಿದೆ. ಅಡುಗೆಮನೆಯ ಕಿಟಕಿ ತೆರೆದರೆ ಎದುರಿಗೇ ಹಳೆಯ ಮಳೆಮರದ ನೆತ್ತಿ. ಈ ಸಲ ಮೇ ಮೊದಲ ವಾರ, ಮಳೆಗಾಲ ಬರುವುದರೊಳಗೆ ಕೊಂಬೆ ಸವರುತ್ತೇವೆ ಎಂದು ಬಂದವರು ರಸ್ತೆ ಕಡೆಯ ಅಷ್ಟೂ ಕೊಂಬೆಗಳನ್ನು ಇಳಿಸಿ ಹೋದರು. ಸಂಜೆ ಸೊಸೈಟಿಯ ರಿಜಿಸ್ಟರ್ ನೋಡಿದೆ. ಆವರಣದಲ್ಲಿರುವ ಮರಗಳು: 4. ಕಡಿಯುವ ಮುಂಚೆಯೂ 4, ಕಡಿದ ಮೇಲೂ 4. ನನ್ನ ಉದ್ಯೋಗದಲ್ಲಿ ಇದೇನು ಹೊಸದಲ್ಲ. ತಪ್ಪು ಅಳತೆ ಹಿಡಿದು ಕೂತರೆ ಮುಳುಗುತ್ತಿರುವ ಪ್ರಾಜೆಕ್ಟಿನ ಡ್ಯಾಶ್‌ಬೋರ್ಡೂ ಹಸಿರಾಗಿಯೇ ಕಾಣುತ್ತದೆ. ಆದರೆ ಮರವೆಂದರೆ ಬೊಡ್ಡೆ ಎಂಬ ಈ ಲೆಕ್ಕ ಎಲ್ಲಿಂದ ಬಂತು ಎಂದು ಹುಡುಕಹೊರಟರೆ, ದಾರಿ ಸೀದಾ ನನ್ನ ಜಿಲ್ಲೆಗೇ ಹೋಯಿತು.

ಮುಂಬಯಿ ಪ್ರಾಂತ್ಯ 1847ರಲ್ಲಿ ಅಲೆಕ್ಸಾಂಡರ್ ಗಿಬ್ಸನ್ ಎಂಬ ವೈದ್ಯನನ್ನು ಅರಣ್ಯಗಳ ಕನ್ಸರ್ವೇಟರ್ ಆಗಿ ನೇಮಿಸಿತು. 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯದ ಕೈಗೆ ಬಂತು, ಜೊತೆಗೆ ಕಾಳಿ ಕಣಿವೆಯ ತೇಗವೂ. ಹಡಗಿಗೆ, ರೈಲಿನ ಸ್ಲೀಪರಿಗೆ ಬೇಕಾದದ್ದು ನೆಟ್ಟಗಿನ ಬೊಡ್ಡೆ. ಹಾಗಾಗಿ ಎದೆಯೆತ್ತರದಲ್ಲಿ ಟೇಪು ಸುತ್ತಿ, ಸುತ್ತಳತೆ ಬರೆದುಕೊಂಡರೆ ಕಾಡಿನ ಲೆಕ್ಕ ಮುಗಿಯಿತು. ಅಳತೆಯೇ ಕೆಟ್ಟದ್ದು ಎನ್ನುತ್ತಿಲ್ಲ. ಕೊಡಗಿನ ಉಪ್ಪಂಗಳದಲ್ಲಿ ಪುದುಚೇರಿಯ ಫ್ರೆಂಚ್ ಇನ್‌ಸ್ಟಿಟ್ಯೂಟಿನವರು 1990ರ ಸುಮಾರಿಗೆ ಗುರುತುಹಾಕಿದ ಕಾಡಿನ ತುಂಡಿನಲ್ಲಿ ಮರಗಳ ಸುತ್ತಳತೆಯನ್ನೇ ಮತ್ತೆ ಮತ್ತೆ ಅಳೆದು, ಕಾಡು ಹೇಗೆ ಬೆಳೆಯುತ್ತದೆ ಎಂದು ತಿಳಿದುಕೊಂಡಿದ್ದಾರೆ. ಆದರೆ ಬಿಸಿಲು ಹಿಡಿಯುವುದು, ಹೂ ಬಿಡುವುದು, ಕಾಯಿ ಕಟ್ಟುವುದು ಎಲ್ಲ ನಡೆಯುವುದು ಎದೆಯೆತ್ತರಕ್ಕಿಂತ ಬಹಳ ಮೇಲೆ.

ಅಲ್ಲಿ ಏನಿದೆ ಎಂದು ನೋಡಲು ತಂಡ ಕಟ್ಟಿಕೊಂಡು ಹೊರಟ ಮೊದಲಿಗರಲ್ಲಿ ಒಬ್ಬ ರಿಚರ್ಡ್ ಹಿಂಗ್‌ಸ್ಟನ್. ಈತನೂ ವೈದ್ಯನೇ, ಇಂಡಿಯನ್ ಮೆಡಿಕಲ್ ಸರ್ವಿಸ್‌ನವನು. 1924ರ ಎವರೆಸ್ಟ್ ತಂಡದ ಡಾಕ್ಟರ್. 1929ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ತಂಡವನ್ನು ದಕ್ಷಿಣ ಅಮೆರಿಕದ ಬ್ರಿಟಿಷ್ ಗಯಾನಾಕ್ಕೆ ಕರೆದೊಯ್ದ. ಕೊಂಬೆಗಳ ಮೇಲೆ ಹಗ್ಗ ಹಾರಿಸುವ ಬಂದೂಕು, ಮೇಲೆ ಕೂರಲು ಅಟ್ಟಣೆ, ಹುಳು ಹಿಡಿಯಲು ನೇತುಹಾಕುವ ಬಲೆ, ಇವು ಅವರ ಸರಂಜಾಮು. ಅದಾದ ಮೇಲೆ ಸುಮಾರು ಐವತ್ತು ವರ್ಷ ಈ ಕೆಲಸ ಕುಂಟುತ್ತಲೇ ಸಾಗಿತು. ಮತ್ತೆ ಜೀವ ಬಂದದ್ದು ಪರ್ವತಾರೋಹಿಗಳ ಹಗ್ಗ, ಕೊಂಡಿಗಳು ವಿಜ್ಞಾನಿಗಳ ಕೈಗೆ ಸಿಕ್ಕಾಗ. 1982ರಲ್ಲಿ ಟೆರ್ರಿ ಎರ್ವಿನ್ ಎಂಬಾತ, ಪನಾಮಾದಲ್ಲಿ ಒಂದೇ ಜಾತಿಯ 19 ಮರಗಳ ನೆತ್ತಿಗೆ ಕೀಟನಾಶಕದ ಹೊಗೆ ಹಾಕಿದಾಗ ಉದುರಿದ ಜೀರುಂಡೆಗಳಲ್ಲೇ 1,100ಕ್ಕೂ ಹೆಚ್ಚು ಜಾತಿಗಳಿವೆ ಎಂದು ಬರೆದ. ಅದರ ಮೇಲಿಂದ ಲೋಕದಲ್ಲಿ 3 ಕೋಟಿ ಜಾತಿಯ ಕೀಟಾದಿಗಳಿರಬಹುದೆಂದು ಗುಣಿಸಿದ. ಆಮೇಲಿನವರು ಆ ಸಂಖ್ಯೆಯನ್ನು ಬಹಳ ಇಳಿಸಿದರು, ಆದರೂ ಎಲ್ಲರ ಕಣ್ಣು ಮೇಲಕ್ಕೆ ಹೋದದ್ದಂತೂ ನಿಜ.

ನನಗೆ ಹೆಚ್ಚು ಹಿಡಿಸಿದ್ದು ನಳಿನಿ ನಾಡಕರ್ಣಿಯವರ ಕೆಲಸ. ಹುಟ್ಟಿ ಬೆಳೆದದ್ದು ಅಮೆರಿಕದಲ್ಲಿ, ತಂದೆ ಭಾರತದಿಂದ ಹೋದವರು. ಅಡ್ಡಹೆಸರು ಕಾರವಾರದವರಿಗೂ ದಾದರಿನವರಿಗೂ ಬಳಕೆಯದೇ. ವಾಷಿಂಗ್ಟನ್ ರಾಜ್ಯದ ಮಳೆಕಾಡಿನಲ್ಲಿ ಮೇಪಲ್ ಮರಗಳನ್ನು ಹತ್ತಿ, ಕೊಂಬೆಗಳ ಮೇಲಿನ ದಪ್ಪ ಪಾಚಿಯನ್ನು ಸುಲಿದು ನೋಡಿದರೆ ಅಡಿಯಲ್ಲಿ ಮಣ್ಣು! ಎಲೆ ಕೊಳೆತು, ಧೂಳು ಕೂತು, ಆಕಾಶದಲ್ಲೇ ಆದ ಮಣ್ಣು. ಮರ ತನ್ನ ಕೊಂಬೆಯಿಂದಲೇ ಅದರೊಳಕ್ಕೆ ಬೇರು ಬಿಟ್ಟು ಸಾರ ಹೀರುತ್ತಿತ್ತು. 1981ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಆ ಪಾಚಿಯನ್ನು ಒಮ್ಮೆ ಕಿತ್ತರೆ ಮತ್ತೆ ಕೂಡಿಕೊಳ್ಳಲು ದಶಕಗಳು ಬೇಕು. ಹಾಗಾದರೆ ಹಳೆಯ ಮರವೊಂದಕ್ಕೆ ಎಷ್ಟು ಸಸಿ ನೆಟ್ಟರೆ ಸಮ?

ನಮ್ಮ ಪಶ್ಚಿಮ ಘಟ್ಟದಲ್ಲಿ ನೆತ್ತಿಗೆ ಹತ್ತಿದವರ ಕಥೆ ಬೇರೆ. ಪನಾಮಾದಲ್ಲಿ 1990ರಲ್ಲಿ ಕಟ್ಟಡ ಕಟ್ಟುವ ಕ್ರೇನನ್ನೇ ಕಾಡಿನೊಳಗೆ ನಿಲ್ಲಿಸಿದರು. ನಮ್ಮಲ್ಲಿ ಹಗ್ಗ, ಅಟ್ಟಣೆಗಳಲ್ಲೇ ನಡೆಯಿತು. ತಮಿಳುನಾಡಿನ ಕಳಕ್ಕಾಡು ಮುಂಡಂತುರೈನ ಕಾಕಚ್ಚಿ ಕಾಡಿನಲ್ಲಿ 1990ರ ದಶಕದಿಂದ ಟಿ. ಗಣೇಶ್ ಮತ್ತು ಸೌಭದ್ರಾ ದೇವಿ ಮರಗಳ ಹೂ, ಹಣ್ಣು, ಪರಾಗಸ್ಪರ್ಶ ಗಮನಿಸುತ್ತ ಬಂದರು. ಅಲ್ಲಿ ಕುಲೇನಿಯಾ ಎಂಬ, ದುರಿಯನ್ನಿನ ಹತ್ತಿರದ ಮರವಿದೆ. ಬೇರೆ ಹಣ್ಣು ಕಡಿಮೆಯಾದ ಕಾಲದಲ್ಲಿ ಅದರ ರಸಭರಿತ ಹೂ ತಿನ್ನಲು ಸಿಂಗಳೀಕ, ಅಳಿಲು, ಬಾವಲಿ ಎಲ್ಲ ಬರುತ್ತವೆ. ತಿನ್ನಲು ಬಂದವರಲ್ಲೇ ಪರಾಗ ಒಯ್ಯುವವರೂ ಇದ್ದಾರೆ. ಕೆಳಗೆ ಟೇಪು ಹಿಡಿದು ನಿಂತವನಿಗೆ ಕಾಣುವುದು ಉದುರಿದ ಹೂ ಮಾತ್ರ. ಇವರಿಬ್ಬರೂ ದುಡಿದ ಬೆಂಗಳೂರಿನ 'ಏಟ್ರೀ' ಸಂಸ್ಥೆ 2009ರ ಅಕ್ಟೋಬರಿನಲ್ಲಿ ಐದನೇ ಅಂತರರಾಷ್ಟ್ರೀಯ ಕ್ಯಾನೊಪಿ ಸಮ್ಮೇಳನ ನಡೆಸಿತು. ಆಗ ನಾನು ಅದೇ ಊರಿನಲ್ಲಿದ್ದೆ, ಸುದ್ದಿಯೇ ತಿಳಿಯಲಿಲ್ಲ.

ಈ ಚರಿತ್ರೆಯಲ್ಲಿ ಒಂದು ಪುಟ ಖಾಲಿ ಉಳಿದಿದೆ ಅನ್ನಿಸುತ್ತದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹೆಜ್ಜೇನಿಗಾಗಿ ಎಷ್ಟು ತಲೆಮಾರಿನಿಂದ ಆ ನೆತ್ತಿಗೆ ಹತ್ತುತ್ತಿದ್ದಾರೋ! ನಮ್ಮ ಶಿರಸಿ ಸೀಮೆಯ ಕೊನೆಗೌಡ ಒಂದು ಅಡಿಕೆ ಮರದಿಂದ ಇನ್ನೊಂದಕ್ಕೆ ಬಾಗಿ ದಾಟುವುದನ್ನು ಚಿಕ್ಕಂದಿನಲ್ಲಿ ಬಾಯಿ ಬಿಟ್ಟು ನೋಡಿದ್ದೇನೆ. ಯಾವ ಮರದ ಸಿಂಗಾರ ಒಣಗಿದೆ, ಎಲ್ಲಿ ಕೊಳೆ ಶುರುವಾಗಿದೆ ಎಂದು ಮೇಲಿನಿಂದಲೇ ಕೂಗಿ ಹೇಳುತ್ತಿದ್ದ. ಅಜ್ಜ ಕೆಳಗೆ ನಿಂತು ಗೊನೆ ಮಾತ್ರ ಎಣಿಸುತ್ತಿದ್ದರು.

ಇನ್ನು ಮುಂಬಯಿ. 2019ರಲ್ಲಿ ಆರೇಯಲ್ಲಿ ಮೆಟ್ರೊ ಶೆಡ್ಡಿಗಾಗಿ 2,185 ಮರ ಕಡಿಯಲು, 461 ಮರ ಬೇರೆಡೆ ನೆಡಲು ಅನುಮತಿ ಸಿಕ್ಕಿತು. ಅಕ್ಟೋಬರ್ 4ರ ರಾತ್ರಿ ಕಡಿತ ಶುರುವಾಗಿ, 7ರಂದು ಸುಪ್ರೀಂ ಕೋರ್ಟ್ ತಡೆಯುವಷ್ಟರಲ್ಲಿ 2,141 ಉರುಳಿದ್ದವು. ಪರವಾಗಿ ವಾದಿಸಿದವರೂ ವಿರೋಧಿಸಿದವರೂ ಜಗಳವಾಡಿದ್ದು ಹೆಚ್ಚಾಗಿ ಇದೇ ಸಂಖ್ಯೆಗಳನ್ನು ಹಿಡಿದು. ನಾನೂ ಆಗ ಅದನ್ನೇ ಫಾರ್ವರ್ಡ್ ಮಾಡಿದವನು.

ರಿಜಿಸ್ಟರಿನಲ್ಲಿ ನೆರಳಿನ ಅಗಲಕ್ಕೂ ಒಂದು ಕಾಲಂ ಇರಲಿ ಎಂದು ಸೊಸೈಟಿ ಸೆಕ್ರೆಟರಿಗೆ ಹೇಳಿದೆ. "ನೆರಳು ಹೊತ್ತಿಗೊಂದು ಥರ ಬೀಳುತ್ತಲ್ಲ ಸಾಹೇಬ್ರೇ, ಅಳೆಯೋದು ಹೇಗೆ?" ಎಂದರು. ಪ್ರಶ್ನೆ ಸರಿಯೇ. ಆದರೆ ಮೇ ಮಧ್ಯದಲ್ಲಿ ಒಂದು ದಿನ ಮುಂಬಯಿಯಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಕಂಬಕ್ಕೂ ನೆರಳಿರುವುದಿಲ್ಲ, ಮರದ ನೆರಳು ಅದರ ಹರವಿನಷ್ಟೇ ಇರುತ್ತದೆ. ಆ ದಿನ ಹನ್ನೆರಡೂವರೆ ದಾಟಿದ ಮೇಲೆ ಇಬ್ಬರೂ ಟೇಪು ಹಿಡಿದು ಕೆಳಗಿಳಿದೆವು. ಬೊಡ್ಡೆಯಿಂದ ಒಳಗಿನ ಗೋಡೆಯ ಕಡೆಗೆ ನೆರಳು 9 ಮೀಟರ್. ರಸ್ತೆ ಕಡೆಗೆ 2.