ಮಂತ್ರಿಯಾಗದ ಸಂನ್ಯಾಸಿ

ಬೇಗಂಪೇಟೆಯ ಕಡೆ ಹೋಗಿಬರುವ ನಮ್ಮವರಲ್ಲಿ ಸ್ವಾಮಿ ರಮಾನಂದ ತೀರ್ಥರ ಸಮಾಧಿಯ ಬಳಿ ನಿಂತವರು ಎಷ್ಟು ಮಂದಿ? 1903ರಲ್ಲಿ ವಿಜಾಪುರ ಜಿಲ್ಲೆಯ ಸಿಂದಗಿಯಲ್ಲಿ ಹುಟ್ಟಿದ ವೆಂಕಟೇಶ ಖೇಡಗಿಕರರು ಸಂಸಾರ ಕಟ್ಟಿಕೊಳ್ಳದೆ ಶಾಲಾ ಮಾಸ್ತರರಾದರು, ಆಮೇಲೆ ಕಾವಿ ತೊಟ್ಟರು. ಕಾವಿಯಲ್ಲೇ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸನ್ನು ಮುನ್ನಡೆಸಿ ನಿಜಾಮರ ಸೆರೆಮನೆ ಕಂಡರು.

ಸೆರೆಯಲ್ಲಿ ಮನಸ್ಸನ್ನು ಹಿಡಿದಿಡುವುದು ಕಷ್ಟವೇ. ಗೆದ್ದ ಮೇಲೆ ಹಿಡಿದಿಡುವುದು ಇನ್ನೂ ಕಷ್ಟವೆಂದು ನನ್ನೆಣಿಕೆ. 1948ರಲ್ಲಿ ಸಂಸ್ಥಾನ ಭಾರತಕ್ಕೆ ಸೇರಿತು. ಮುಂದಾಳಾಗಿದ್ದ ಸ್ವಾಮಿಗಳು ಮಂತ್ರಿಯಾಗಲಿಲ್ಲ. 1952ರಲ್ಲಿ ಗುಲಬರ್ಗಾದಿಂದ ಲೋಕಸಭೆಗೆ ಹೋದರು. ಭಾಷಾವಾರು ಪ್ರಾಂತಗಳಿಗಾಗಿ ಸಂಸ್ಥಾನವನ್ನೇ ಒಡೆಯಬೇಕೆಂದು ವಾದಿಸಿದರು. 1956ರಲ್ಲಿ ಬೀದರ, ಗುಲಬರ್ಗಾ, ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿದವು. ತಾವು ಮಾತ್ರ 1972ರ ಜನವರಿ 22ರಂದು ನಮ್ಮ ಈ ಹೈದರಾಬಾದಿನಲ್ಲೇ ಕಣ್ಣು ಮುಚ್ಚಿದರು.